ನನ್ನ ಹಳೆಯ ವಸ್ತುಗಳ ಸಂಸಾರ

ಕೂಡಿಡುವುದು ಜೀವಿಗಳ ಹುಟ್ಟುಗುಣ. ಇರುವೆ ಮಳೆಗಾಲಕ್ಕೆಂದು ಕಾಳನ್ನು ಸಾಗಿಸಿ ಇಡುತ್ತದೆ. ಜೇನು ಹೂವಿಲ್ಲದ ದಿನಗಳಿಗೆಂದು ಮಧುವನ್ನು ತುಂಬಿಡುತ್ತದೆ. ಅವುಗಳ ಸಂಗ್ರಹಕ್ಕೆಲ್ಲ ಹೊಟ್ಟೆಯೇ ಮೂಲ. ಆದರೆ ಹೊಟ್ಟೆಗಾಗಲಿ ಬಟ್ಟೆಗಾಗಲಿ ಒದಗದ ವಸ್ತುಗಳನ್ನು ಆರಿಸಿ ತಂದು, ಚೆಲುವಾಗಿ ಜೋಡಿಸಿ, ನೋಡಿ ನಲಿಯುವ ಜೀವಿಗಳು ಬಹಳ ಇಲ್ಲ. ಆಸ್ಟ್ರೇಲಿಯದಲ್ಲಿ ಒಂದು ಬಗೆಯ ಹಕ್ಕಿಯಿದೆ. ಅದರ ಗಂಡು ಕಡ್ಡಿಗಳಿಂದ ಚಿಕ್ಕದೊಂದು ಚಪ್ಪರವನ್ನು ಕಟ್ಟಿ, ಅದರ ಮುಂದೆ ನೀಲಿ ಗರಿ, ನೀಲಿ ಹೂ, ನೀಲಿ ಗಾಜಿನ ಚೂರು ಮೊದಲಾದುವನ್ನು ತಂದು ಹರಡುತ್ತದೆ. ಹೆಣ್ಣುಹಕ್ಕಿಯ ಮೆಚ್ಚುಗೆಯನ್ನು ಗಳಿಸುವುದು ಅದರ ಉದ್ದೇಶ. ನನ್ನ ಸಂಗ್ರಹಕ್ಕೆ ಅಂಥ ಉದ್ದೇಶವೂ ಇಲ್ಲ. ಮನೆಯೊಡತಿಯ ಮೆಚ್ಚುಗೆಯಂತೂ ಅದಕ್ಕೆ ಈವರೆಗೆ ದೊರೆತಿಲ್ಲ.

ನಮ್ಮ ಮನೆಯ ಅಟ್ಟದಲ್ಲಿ ಹಲಸಿನ ಮರದ ಒಂದು ದೊಡ್ಡ ಪೆಟ್ಟಿಗೆಯಿದೆ. ಅದರೊಳಗೂ ಅದರ ಸುತ್ತಲೂ ನನ್ನ ಹಳೆಯ ವಸ್ತುಗಳು ಸಂಸಾರ ಹೂಡಿವೆ. ಚಿಮಣಿಯಿಲ್ಲದ ಲಾಟೀನು, ಮುಳ್ಳಿಲ್ಲದ ಗಡಿಯಾರ, ಬೀಗವಿಲ್ಲದ ಬೀಗದ ಕೈ, ಅಡಕೆಯನ್ನು ಕಂಡು ಎಷ್ಟೋ ವರ್ಷಗಳಾದ ಅಡಕತ್ತರಿ, ಇವೆಲ್ಲವೂ ಅಲ್ಲಿ ನೆಮ್ಮದಿಯಿಂದಿವೆ. ನೆಂಟರಲ್ಲಿ ಕೆಲವರು ಅದನ್ನು ಗುಜರಿ ಅಂಗಡಿಯೆಂದು ಕರೆಯುವುದುಂಟು. ಗುಜರಿ ಅಂಗಡಿಗೂ ಅದಕ್ಕೂ ಒಂದು ಮುಖ್ಯವಾದ ಭೇದವಿದೆ. ಗುಜರಿಯವನಿಗೆ ವಸ್ತುವಿನ ತೂಕ ಗೊತ್ತು. ನನಗೆ ಅದರ ಕಥೆ ಗೊತ್ತು. ಕಥೆ ತಿಳಿಯದ ವಸ್ತುವನ್ನು ನಾನು ಪೆಟ್ಟಿಗೆಗೆ ಸೇರಿಸುವುದಿಲ್ಲ.

ಈ ಗೀಳು ನನಗೆ ಅಂಟಿಕೊಂಡದ್ದು ನನ್ನ ಊರಿನಿಂದಲೇ ಎಂದು ಹೇಳಬೇಕು. ನನ್ನ ಊರು ಉಡುಪಿ ಜಿಲ್ಲೆಯ ಎರ್ಮಾಳು. ಪಡುಬಿದ್ರಿಯಿಂದ ಕಾಪುವಿಗೆ ಹೋಗುವ ಹೆದ್ದಾರಿಯ ಬದಿಯಲ್ಲಿ, ಪಶ್ಚಿಮಕ್ಕೆ ಸಮುದ್ರವನ್ನು ಇಟ್ಟುಕೊಂಡು, ತೆಂಕ ಎರ್ಮಾಳು, ಬಡಾ ಎರ್ಮಾಳು ಎಂದು ಎರಡಾಗಿ ಹಬ್ಬಿರುವ ಗ್ರಾಮ. ತುಳುನಾಡಿನಲ್ಲಿ ‘ಎರ್ಮಾಳ್ ಜಪ್ಪು, ಖಂಡೇವು ಅಡೆಪು’ ಎಂಬ ನಾಣ್ಣುಡಿಯೊಂದಿದೆ. ಜಾತ್ರೆಗಳ ಕಾಲವು ಎರ್ಮಾಳಿನ ಜನಾರ್ದನ ದೇವಸ್ಥಾನದ ಉತ್ಸವದೊಡನೆ ತೆರೆದುಕೊಂಡು, ನಂದಿನಿ ಹೊಳೆಯ ದಡದ ಖಂಡೇವಿನ ಮೀನು ಹಿಡಿಯುವ ಜಾತ್ರೆಯೊಡನೆ ಮುಚ್ಚಿಕೊಳ್ಳುತ್ತದೆಯೆಂಬುದು ಅದರ ತಾತ್ಪರ್ಯ. ವರ್ಷದ ಸಂಭ್ರಮಕ್ಕೆಲ್ಲ ಬಾಗಿಲು ತೆರೆಯುವ ಊರಿನಲ್ಲಿ ಹುಟ್ಟಿದ ಹುಡುಗನಿಗೆ ಜಾತ್ರೆಯ ಬೀದಿಯೇ ಮೊದಲನೆಯ ವಸ್ತುಸಂಗ್ರಹಾಲಯವಾದುದರಲ್ಲಿ ಆಶ್ಚರ್ಯವಿಲ್ಲ.

ಆ ಬೀದಿಯಲ್ಲಿ ಏನಿತ್ತು, ಏನಿರಲಿಲ್ಲ! ಕಾಗದದ ಗಿರಿಗಿಟ್ಟಲೆ, ಬಿದಿರಿನ ಪೀಪಿ, ಒತ್ತಿದರೆ ಟಕ್ಕೆಂದು ನುಡಿಯುವ ತಗಡಿನ ಕಪ್ಪೆ, ಕತ್ತನ್ನು ಅಲ್ಲಾಡಿಸುವ ಮಣ್ಣಿನ ಮುದುಕ, ಕಾಸು ನುಂಗುವ ಮಣ್ಣಿನ ಹುಂಡಿ! ಅವುಗಳಲ್ಲಿ ನನ್ನನ್ನು ಸೆರೆಹಿಡಿದದ್ದು ತಗಡಿನ ಪುಟಾಣಿ ದೋಣಿ. ಅಂಗೈಯಷ್ಟುದ್ದದ ಆ ದೋಣಿಯೊಳಗೆ ಒಂದು ಮೋಂಬತ್ತಿಯ ತುಂಡನ್ನು ಹೊತ್ತಿಸಿ ನೀರಿನ ಮೇಲೆ ಬಿಟ್ಟರೆ, ಅದು ಪುಟುಪುಟು ಸದ್ದು ಮಾಡುತ್ತ ತಾನಾಗಿ ಓಡುತ್ತಿತ್ತು. ಹುಟ್ಟಿಲ್ಲ, ಹಾಯಿಯಿಲ್ಲ, ಚಕ್ರವಿಲ್ಲ, ಕೀಲಿಯೂ ಇಲ್ಲ! ಅದರ ಗುಟ್ಟು ನನಗೆ ತಿಳಿದುದು ಬಹುಕಾಲದ ಮೇಲೆ. ದೋಣಿಯೊಳಗೆ ತೆಳು ತಗಡಿನ ಒಂದು ಪುಟ್ಟ ಕೋಶವಿದೆ. ಅದರಿಂದ ಹೊರಟ ಕೊಳವೆಗಳು ಹಿಂಬದಿಯಲ್ಲಿ ನೀರಿಗೆ ತೆರೆದಿವೆ. ಬತ್ತಿಯ ಬಿಸಿಗೆ ಕೋಶದೊಳಗಿನ ನೀರು ಆವಿಯಾಗಿ ಕೊಳವೆಯಲ್ಲಿರುವ ನೀರನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಮರುಕ್ಷಣವೇ ಆವಿ ತಣಿದು ಹೊರಗಿನ ನೀರನ್ನು ಒಳಕ್ಕೆ ಸೆಳೆಯುತ್ತದೆ. ಚಿಮ್ಮುವಾಗ ನೀರು ನೇರವಾಗಿ ಹಿಂದಕ್ಕೇ ಹೋಗುತ್ತದೆ. ಸೆಳೆಯುವಾಗ ಸುತ್ತಲಿಂದಲೂ ಬರುತ್ತದೆ. ಆದುದರಿಂದಲೇ ದೋಣಿ ಮುಂದಕ್ಕೆ ಸಾಗುತ್ತದೆ. ತೆಳು ತಗಡು ಉಬ್ಬುತ್ತ ತಗ್ಗುತ್ತ ಇರುವುದೇ ಆ ಪುಟುಪುಟು ಸದ್ದಿಗೆ ಕಾರಣ. ತೋಮಸ್ ಪಿಯೊ ಎಂಬ ಫ್ರೆಂಚ್ ಗೃಹಸ್ಥನು 1891ರಲ್ಲಿ ಇಂಗ್ಲೆಂಡಿನಲ್ಲಿ ಇಂಥ ದೋಣಿಗೆ ಹಕ್ಕುಪತ್ರವನ್ನು ಪಡೆದನಂತೆ. ಎಲ್ಲಿಯ ಫ್ರಾನ್ಸು, ಎಲ್ಲಿಯ ಎರ್ಮಾಳು! ಒಂದು ಆಟಿಕೆಯ ಬೆನ್ನು ಹತ್ತಿ ಹೋದರೆ ಭೂಗೋಳ, ಭೌತಶಾಸ್ತ್ರ, ಚರಿತ್ರೆ ಮೂರೂ ಕೈಗೆ ಸಿಕ್ಕುತ್ತವೆ. ನಾನು ಶಾಲೆಯ ಮೇಷ್ಟರಾದ ಮೇಲೆ ಆ ದೋಣಿಯನ್ನು ಹಲವು ಸಲ ತರಗತಿಗೆ ಕೊಂಡೊಯ್ದಿದ್ದೇನೆ. ಬಾಲ್ದಿಯ ನೀರಿನಲ್ಲಿ ಅದು ಸುತ್ತತೊಡಗಿದಾಗ ಹಿಂದಿನ ಬೆಂಚಿನವರೂ ಮುಂದೆ ಬಂದು ನಿಲ್ಲುತ್ತಿದ್ದರು.

ಪೆಟ್ಟಿಗೆಯ ಮತ್ತೊಂದು ಮೂಲೆಯಲ್ಲಿ ನಾಣ್ಯಗಳ ಗಂಟೊಂದಿದೆ. ಅದರಲ್ಲಿ ನಡುವೆ ತೂತಿರುವ ಒಂದು ಕಾಸನ್ನು ಮಕ್ಕಳು ಬಹಳವಾಗಿ ಮೆಚ್ಚುತ್ತಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೋಹಕ್ಕೆ ಅಭಾವ ಉಂಟಾದಾಗ, ಅದನ್ನು ಉಳಿಸುವುದಕ್ಕೆಂದು ಸರಕಾರವು 1943ರಿಂದ ಇಂಥ ತೂತುಕಾಸನ್ನು ಅಚ್ಚು ಹಾಕಿಸಿತು. ಅಂಥ ಅರುವತ್ತನಾಲ್ಕು ಕಾಸುಗಳಿಗೆ ಒಂದು ರೂಪಾಯಿ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಪದ್ಧತಿ ಬಂದಿತು. ರೂಪಾಯಿಗೆ ನೂರು ನಯೇ ಪೈಸೆಗಳಾದುವು. ಆಣೆ, ಮುಕ್ಕಾಲು, ದುಡ್ಡುಗಳು ಕ್ರಮೇಣ ಮಾತಿನಲ್ಲಿ ಮಾತ್ರ ಉಳಿದುವು. ಅನಂತರ ಬಂದ ಇಪ್ಪತ್ತೈದು ಪೈಸೆಯ ನಾಣ್ಯವೂ 2011ರಲ್ಲಿ ಚಲಾವಣೆಯಿಂದ ಹಿಂದೆ ಸರಿಯಿತು. ಒಂದು ಕಾಲಕ್ಕೆ ಮನುಷ್ಯರು ಜಗಳವಾಡಿದ, ಬೆವರು ಸುರಿಸಿದ ಹಣ ಇಂದು ಒಂದು ಕಡಲೆಬೀಜವನ್ನೂ ಕೊಡಿಸಲಾರದು. ಹಣದ ನಿಜವಾದ ಸ್ವರೂಪವನ್ನು ತಿಳಿಯಬೇಕೆನ್ನುವವರು ಹಳೆಯ ನಾಣ್ಯಗಳನ್ನು ಒಮ್ಮೆ ಅಂಗೈಯಲ್ಲಿಟ್ಟು ನೋಡಬೇಕು. ನಾಣ್ಯಗಳ ವಿಷಯದಲ್ಲಿ ಆಸಕ್ತಿಯುಳ್ಳವರು ಉಡುಪಿಯಲ್ಲಿರುವ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯನ್ನೂ ನೋಡಬಹುದು. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕನ್ನು ಸ್ಥಾಪಿಸಿದ ಮಹನೀಯರು ಅವರು. ಆ ಬ್ಯಾಂಕು 2020ರಲ್ಲಿ ಮತ್ತೊಂದು ಬ್ಯಾಂಕಿನೊಡನೆ ವಿಲೀನವಾಯಿತಾದರೂ ಸಾಹೇಬರ ಮನೆ ನಾಣ್ಯಗಳ ಸಂಗ್ರಹಾಲಯವಾಗಿ ಹೆಸರು ಪಡೆದಿದೆ.

ಸಂಗ್ರಹದಲ್ಲಿ ಎಚ್ಚರವೂ ಬೇಕು. ನನ್ನಲ್ಲಿ ‘1865’ ಎಂದು ಒತ್ತಿರುವ ಒಂದು ಹಂಚಿದೆ. ನೋಡಿದವರೆಲ್ಲರೂ ಅದು ನೂರೈವತ್ತು ವರ್ಷಗಳಿಗೂ ಹಳೆಯದೆಂದು ಬೆರಗಾಗುತ್ತಾರೆ. ಆದರೆ ಅದು ಹಂಚು ಸುಟ್ಟ ವರ್ಷವಲ್ಲ. ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ ವರ್ಷ. ಆಮೇಲೆ ಎಷ್ಟೋ ಕಾಲದವರೆಗೆ ಹಂಚುಗಳ ಮೇಲೆ ಅದೇ ವರ್ಷವನ್ನು ಒತ್ತುತ್ತಿದ್ದರು. ಹಳೆಯ ವಸ್ತು ಸುಳ್ಳು ಹೇಳುವುದಿಲ್ಲ; ಆದರೆ ಅದು ಹೇಳುವುದನ್ನು ನಾವು ಅವಸರದಲ್ಲಿ ಬೇರೆಯಾಗಿ ಕೇಳಿಸಿಕೊಳ್ಳುವ ಸಂಭವವುಂಟು.

ಇವೆಲ್ಲ ವರ್ಷವಿಡೀ ಪೆಟ್ಟಿಗೆಯಲ್ಲಿರುವ ವಸ್ತುಗಳ ಮಾತಾಯಿತು. ಇವುಗಳಿಗಿಂತ ನನಗೆ ಹೆಚ್ಚು ಪ್ರಿಯವಾದವು ಋತುವಿಗೊಮ್ಮೆ ಹೊರಬಂದು, ಕೆಲವು ದಿನ ಮನೆಯನ್ನು ಬೆಳಗಿಸಿ, ಮತ್ತೆ ಅಟ್ಟ ಸೇರುವ ಅಲಂಕಾರದ ವಸ್ತುಗಳು. ಹಬ್ಬದ ಅರ್ಧ ಸೊಗಸು ಹಬ್ಬದ ದಿನದಲ್ಲಿಲ್ಲ, ಅದರ ಹಿಂದಿನ ದಿನ ಪೆಟ್ಟಿಗೆ ತೆರೆಯುವುದರಲ್ಲಿದೆ. ಮೈಸೂರು ಸೀಮೆಯವರು ಇದನ್ನು ಚೆನ್ನಾಗಿ ಬಲ್ಲರು. ಅಲ್ಲಿ ನವರಾತ್ರಿ ಬಂತೆಂದರೆ ಮನೆಮನೆಯಲ್ಲಿಯೂ ಗೊಂಬೆಗಳನ್ನು ಕೂರಿಸುತ್ತಾರೆ. ಮದುವೆಯಲ್ಲಿ ಮಗಳಿಗೆ ಕೊಟ್ಟ ಪಟ್ಟದ ಗೊಂಬೆಗಳು ಮೇಲಿನ ಮೆಟ್ಟಿಲಿನಲ್ಲಿ ರಾಜ ರಾಣಿಯರಾಗಿ ನಿಲ್ಲುತ್ತವೆ. ಕೆಳಗಿನ ಮೆಟ್ಟಿಲುಗಳಲ್ಲಿ ಚನ್ನಪಟ್ಟಣದ ಅರಗಿನ ಬಣ್ಣದ ಆಟಿಕೆಗಳೂ, ದಿನಸಿ ಅಂಗಡಿಯ ಶೆಟ್ಟಿ ದಂಪತಿಗಳೂ ಸೇರುತ್ತಾರೆ. ಅಜ್ಜಿಯ ಕಾಲದ ಗೊಂಬೆಯ ಪಕ್ಕದಲ್ಲಿಯೇ ಮೊಮ್ಮಗಳು ಕಳೆದ ವಾರ ಕೊಂಡ ಗೊಂಬೆಯೂ ನಿಂತಿರುತ್ತದೆ. ಮೂರು ತಲೆಮಾರುಗಳು ಒಂದೇ ಮೆಟ್ಟಿಲಿನ ಮೇಲೆ ಜಗಳವಿಲ್ಲದೆ ನಿಲ್ಲುವುದು ಗೊಂಬೆಗಳಿಗೆ ಮಾತ್ರ ಸಾಧ್ಯವೇನೋ!

ನಮ್ಮ ಕರಾವಳಿಯ ರೀತಿ ಬೇರೆ. ಇಲ್ಲಿ ಅಲಂಕಾರಗಳ ಬಹುಪಾಲು ಗದ್ದೆಯಿಂದಲೂ ತೋಟದಿಂದಲೂ ಬರುತ್ತದೆ. ಹೊಸ ಅಕ್ಕಿಯ ಊಟಕ್ಕೆ ಮೊದಲು ಭತ್ತದ ಕದಿರುಗಳನ್ನು ತಂದು, ಮಾವು, ಹಲಸು, ಬಿದಿರುಗಳ ಎಲೆಯಲ್ಲಿಟ್ಟು ನಾರಿನಿಂದ ಬಿಗಿದು, ಬಾಗಿಲಿಗೂ ಕಂಬಕ್ಕೂ ಕಟ್ಟುತ್ತಾರೆ. ಮುಂದಿನ ವರ್ಷದ ಕದಿರು ಬರುವವರೆಗೂ ಅದು ಅಲ್ಲಿಯೇ ಒಣಗಿ ಹೊಂಬಣ್ಣಕ್ಕೆ ತಿರುಗುತ್ತ ಇರುತ್ತದೆ. ಉಡುಪಿಯ ಅಷ್ಟಮಿಗೆ ರಥಬೀದಿಯಲ್ಲಿ ಗುರ್ಜಿಗಳನ್ನು ನೆಟ್ಟು ಮೊಸರಿನ ಕುಡಿಕೆಗಳನ್ನು ತೂಗುಹಾಕುತ್ತಾರೆ. ಹುಲಿವೇಷದವರು ತಾಸೆಯ ಬಡಿತಕ್ಕೆ ಕುಣಿಯುತ್ತಾರೆ. ಅಂದು ಕೊಂಡ ಕಾಗದದ ಹುಲಿಯ ಮುಖವಾಡವೊಂದು, ಮೀಸೆಯಲ್ಲಿ ಅರ್ಧವನ್ನು ಇಲಿಗಳಿಗೆ ಒಪ್ಪಿಸಿ, ಇನ್ನೂ ನನ್ನ ಗೋಡೆಯ ಮೇಲೆ ಗರ್ಜಿಸುತ್ತಿದೆ. ದಸರಾ ಕಳೆದು ದೀಪಾವಳಿ ಬಂದರೆ ಮನೆಯ ಮುಂದೆ ಗೂಡುದೀಪ ಏರುತ್ತದೆ; ಗದ್ದೆಯಲ್ಲಿ ಬಲೀಂದ್ರನಿಗೆ ದೀಪವಿಟ್ಟು ಕೂಗಿ ಕರೆಯುತ್ತಾರೆ. ಡಿಸೆಂಬರಿನಲ್ಲಿ ಶಿರ್ವದ ನನ್ನ ಕ್ರೈಸ್ತ ಸ್ನೇಹಿತರ ಮನೆಯ ಜಗಲಿಯ ಮೇಲೆ ಗೋದಲಿ ಸಿದ್ಧವಾಗುತ್ತದೆ. ಬಿದಿರಿನ ಕಡ್ಡಿಗೆ ಕಾಗದ ಅಂಟಿಸಿದ ನಕ್ಷತ್ರ, ಹುಲ್ಲಿನ ಹಟ್ಟಿ, ತಟ್ಟೆಯಲ್ಲಿ ಮೊಳೆಯಿಸಿದ ಪೈರಿನ ಪುಟ್ಟ ಗದ್ದೆ, ಅದರಲ್ಲಿ ಮಣ್ಣಿನ ಕುರಿಗಳು. ಅವರ ಮನೆಯ ಒಂದು ಕುರಿಗೆ ಒಂದು ಕಿವಿಯಿಲ್ಲ. ಹೊಸ ಕುರಿಯನ್ನು ತರಬಹುದಲ್ಲ ಎಂದು ನಾನು ಕೇಳಿದ್ದಕ್ಕೆ ಮನೆಯ ಹಿರಿಯರು, ‘ಈ ಕುರಿಯಿಲ್ಲದೆ ನಮ್ಮ ಮಕ್ಕಳಿಗೆ ಕ್ರಿಸ್‌ಮಸ್ ಬಂದಂತೆಯೇ ಆಗುವುದಿಲ್ಲ’ ಎಂದರು. ಸಂಗ್ರಹದ ಗುಟ್ಟನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ಕಾಣೆ.

ನನ್ನ ಸಂಗ್ರಹದಲ್ಲಿ ಒಂದು ಚೆನ್ನೆಮಣೆಯಿದೆ. ಅದು ನನ್ನಲ್ಲಿಗೆ ಬಂದ ಬಗೆಯನ್ನು ತುಸು ವಿವರವಾಗಿ ಹೇಳಬೇಕು. ಹೆದ್ದಾರಿಯನ್ನು ನಾಲ್ಕು ಪಥಗಳಿಗೆ ಅಗಲಗೊಳಿಸುವ ಕೆಲಸ ನಮ್ಮ ಕಡೆಯಲ್ಲಿ ನಡೆಯುತ್ತಿದ್ದ ವರ್ಷಗಳವು. ರಸ್ತೆಯ ಅಂಚಿನ ಎಷ್ಟೋ ಮನೆಗಳು ಉರುಳಿದುವು. ಅವುಗಳಲ್ಲಿ ನನಗೆ ಪರಿಚಯವಿದ್ದ ಒಂದು ಹಳೆಯ ಮನೆಯೂ ಇತ್ತು. ಹಂಚುಗಳನ್ನು ಇಳಿಸಿ ಅಂಗಳದಲ್ಲಿ ಪೇರಿಸಿದ್ದರು. ಪಕ್ಕಾಸುಗಳು ಒಂದೆಡೆ, ಬಾಗಿಲುಗಳು ಒಂದೆಡೆ. ಅಕ್ಕಿಮುಡಿ ಕಟ್ಟುವ ಕಾಲದ ಸೇರು, ಕಳಸೆಗಳು ಮಣ್ಣಿನಲ್ಲಿ ಹೊರಳುತ್ತಿದ್ದುವು. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ ಎಂಬ ಲೆಕ್ಕವನ್ನು ಇಂದು ಎಷ್ಟು ಮಂದಿ ಬಲ್ಲರು? ಮನೆಯ ಯಜಮಾನಿತಿ, ಎಂಬತ್ತು ದಾಟಿದ ಹಿರಿಯ ತಾಯಿ, ತೆಂಗಿನ ಮರದ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಎಲ್ಲವನ್ನೂ ಮೌನವಾಗಿ ನೋಡುತ್ತಿದ್ದರು. ಅವರ ಕಾಲ ಬಳಿ ಚೆನ್ನೆಮಣೆಯಿತ್ತು. ಎರಡು ಸಾಲುಗಳಲ್ಲಿ ಏಳೇಳು ಕುಳಿಗಳು, ಒಟ್ಟು ಹದಿನಾಲ್ಕು. ಕುಳಿಗೆ ನಾಲ್ಕರಂತೆ ಐವತ್ತಾರು ಮಂಜೊಟ್ಟಿ ಕಾಯಿಗಳು. ಹೊರಗೆ ಮಳೆ ಸುರಿಯುತ್ತ, ಬೇಸಾಯದ ಕೆಲಸ ಮುಗಿದು ಕೈಗಳು ಬಿಡುವಾಗಿರುವ ಆಟಿ ತಿಂಗಳಲ್ಲಿ ತುಳುನಾಡಿನವರು ಆಡುವ ಆಟ ಅದು.

ನಾನು ಅದನ್ನು ನೋಡುತ್ತಿದ್ದುದನ್ನು ಕಂಡು ಆ ತಾಯಿ ತುಳುವಿನಲ್ಲಿ ಹೇಳಿದ ಮಾತಿನ ಅರ್ಥ ಹೀಗಿತ್ತು: ‘ಕೊಂಡುಹೋಗಿ ಮಾಸ್ಟ್ರೇ. ಬೊಂಬಾಯಿಯ ಮಕ್ಕಳಿಗೆ ಇದು ಬೇಡ. ಹೊಸ ಮನೆಯಲ್ಲಿ ಇಡುವುದಕ್ಕೆ ಸ್ಥಳವೂ ಇಲ್ಲ. ಆದರೆ ಒಂದು ಮಾತು. ಇದನ್ನು ಕಪಾಟಿನೊಳಗೆ ಕೂರಿಸಬೇಡಿ. ಆಟಿಯಲ್ಲಿ ನಾಲ್ಕು ಮಕ್ಕಳ ಕೈ ಇದರ ಮೇಲೆ ಓಡಾಡಬೇಕು. ಆಡದ ಮಣೆ ಬರೇ ಸೌದೆ.’

‘ಆಗಲಿ ಅಮ್ಮಾ’ ಎಂದೆ. ಮಣೆಯನ್ನು ಎತ್ತಿಕೊಂಡಾಗ ಅವರು ಮತ್ತೊಮ್ಮೆ ಕೈನೀಡಿ, ಒಂದು ಕುಳಿಯನ್ನು ಬೆರಳಿನಿಂದ ಸವರಿದರು. ಆ ಕುಳಿಯ ಅಂಚು ಉಳಿದವುಗಳಿಗಿಂತ ಹೆಚ್ಚು ಸವೆದಿತ್ತು. ಬಹುಶಃ ಅವರು ಎಂಟು ಹತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದಲೂ ಅದೇ ಕುಳಿಯಿಂದ ಆಟವನ್ನು ಆರಂಭಿಸುತ್ತಿದ್ದಿರಬೇಕು. ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅಂದಿನಿಂದ ಪ್ರತಿವರ್ಷವೂ ಆಟಿ ಬಂದಾಗ ಚೆನ್ನೆಮಣೆ ಅಟ್ಟದಿಂದಿಳಿದು ಜಗಲಿಗೆ ಬರುತ್ತದೆ. ನೆರೆಕರೆಯ ಮಕ್ಕಳು ಸರದಿಗಾಗಿ ಕಾಯುತ್ತಾರೆ. ಕಾಯಿಗಳನ್ನು ಎಣಿಸುವ ನೆಪದಲ್ಲಿ ಕೂಡುವುದನ್ನೂ ಕಳೆಯುವುದನ್ನೂ ಕಲಿಯುತ್ತಾರೆ, ಸೋಲುವುದನ್ನೂ ಕಲಿಯುತ್ತಾರೆ. ಐವತ್ತಾರು ಕಾಯಿಗಳಲ್ಲಿ ಮೂರು ಈಗ ಕಳೆದುಹೋಗಿವೆ. ಅವುಗಳ ಸ್ಥಾನದಲ್ಲಿ ಹುಣಿಸೆಬೀಜಗಳು ಕುಳಿತಿವೆ. ಕಪಾಟಿನಲ್ಲಿದ್ದಿದ್ದರೆ ಒಂದೂ ಕಳೆಯುತ್ತಿರಲಿಲ್ಲ, ನಿಜ. ಆದರೆ ಬಳಕೆಯಿಂದ ಆಗುವ ನಷ್ಟ ವಸ್ತುವಿಗೆ ಗೌರವವೇ ಹೊರತು ಅಪಮಾನವಲ್ಲ.

ನನ್ನಂಥ ಸಣ್ಣ ಸಂಗ್ರಾಹಕರಿಗೆ ಧೈರ್ಯ ಕೊಡುವ ದೊಡ್ಡ ಸಂಗ್ರಾಹಕರು ನಮ್ಮ ದೇಶದಲ್ಲಿ ಹಲವರು ಆಗಿಹೋಗಿದ್ದಾರೆ. ಹೈದರಾಬಾದಿನ ಮೂರನೆಯ ಸಾಲಾರ್ ಜಂಗರು ಲೋಕದ ಮೂಲೆಮೂಲೆಗಳಿಂದ ವಸ್ತುಗಳನ್ನು ತರಿಸಿಕೊಂಡರು. ಅವರ ಹೆಸರಿನ ವಸ್ತುಸಂಗ್ರಹಾಲಯ 1951ರಲ್ಲಿ ಆರಂಭವಾಯಿತು. ಅಲ್ಲಿಯ ಗಡಿಯಾರವೊಂದರೊಳಗಿಂದ ಗಂಟೆಗೊಮ್ಮೆ ಒಬ್ಬ ಪುಟ್ಟ ಗೊಂಬೆಮನುಷ್ಯ ಹೊರಬಂದು ಗಂಟೆ ಬಾರಿಸಿ ಒಳಗೆ ಹೋಗುತ್ತಾನೆ. ಅಮೃತಶಿಲೆಯ ಮಹಾಪ್ರತಿಮೆಗಳನ್ನು ಬಿಟ್ಟು ಜನರೆಲ್ಲ ಆ ಗೊಂಬೆಯ ಮುಂದೆ ಸೇರುತ್ತಾರೆ. ಪುಣೆಯ ದಿನಕರ ಕೇಳ್ಕರರು ಅರಸರಲ್ಲ. ಚಿಕ್ಕ ವಯಸ್ಸಿನಲ್ಲಿ ತೀರಿಕೊಂಡ ಮಗ ರಾಜನ ನೆನಪಿನಲ್ಲಿ ಅವರು ತಮ್ಮ ಸಂಗ್ರಹಕ್ಕೆ ಅವನ ಹೆಸರಿಟ್ಟರು. ದೀಪಗಳು, ಅಡಕತ್ತರಿಗಳು, ಬಾಚಣಿಗೆಗಳು, ಅಡುಗೆಮನೆಯ ಪಾತ್ರೆಗಳು, ಹೀಗೆ ಸಾಮಾನ್ಯರು ದಿನವೂ ಕೈಯಲ್ಲಿ ಹಿಡಿದ ವಸ್ತುಗಳೇ ಅಲ್ಲಿ ಹೆಚ್ಚು. ಮಗನಿಗಾಗಿ ಮರುಗಿದ ತಂದೆಯೊಬ್ಬನು ನಾಡಿನ ಸಾವಿರಾರು ಮನೆಗಳ ನೆನಪನ್ನು ಕಾಪಾಡಿದನು.

ನಮ್ಮ ನಾಡಿನಲ್ಲಿಯೂ ಇಂಥವರಿಗೆ ಕೊರತೆಯಿಲ್ಲ. ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದರು; ಅದು 1994ರಲ್ಲಿ ಆರಂಭವಾಯಿತು. ಬಂಟ್ವಾಳದಲ್ಲಿ ತುಕಾರಾಮ ಪೂಜಾರಿಯವರು ರಾಣಿ ಅಬ್ಬಕ್ಕನ ಹೆಸರಿನ ಅಧ್ಯಯನ ಕೇಂದ್ರದಲ್ಲಿ ತುಳುವರ ಬದುಕಿನ ವಸ್ತುಗಳನ್ನು ಕೂಡಿಹಾಕಿದ್ದಾರೆ. ನಮ್ಮ ಮಣಿಪಾಲದ ವಿಜಯನಾಥ ಶೆಣೈಯವರ ಸಾಹಸವಂತೂ ಅಸಾಧಾರಣವಾದುದು. ಅವರು ಬ್ಯಾಂಕಿನಲ್ಲಿ ಉದ್ಯೋಗಿಯಾಗಿದ್ದವರು. ಹಳೆಯ ಮನೆಗಳನ್ನು ಕೆಡವಿ, ಕೆತ್ತನೆಯ ಕಂಬಗಳನ್ನೂ ಬಾಗಿಲುಗಳನ್ನೂ ಸೌದೆಯ ಬೆಲೆಗೆ ಮಾರುವುದನ್ನು ಕಂಡು ಅವರ ಮನಸ್ಸು ನೊಂದಿತು. ಅಂಥ ತುಣುಕುಗಳನ್ನು ತಂದು ಕೂಡಿಸಿ ‘ಹಸ್ತಶಿಲ್ಪ’ ಎಂಬ ಮನೆಯನ್ನು ಕಟ್ಟಿದರು. ಅಷ್ಟಕ್ಕೆ ನಿಲ್ಲದೆ ಇಡೀ ಮನೆಗಳನ್ನೇ ಬಿಚ್ಚಿ, ತುಂಡುತುಂಡಿಗೂ ಗುರುತು ಹಾಕಿ, ಸಾಗಿಸಿ, ಮಣಿಪಾಲದಲ್ಲಿ ಮರಳಿ ನಿಲ್ಲಿಸಿದರು. ಕುಂಜೂರಿನ ಚೌಕಿ ಮನೆ, ಮಿಯಾರಿನ ಮನೆ, ಹರ್ಕೂರಿನ ಒಳಗಿನ ಮನೆ, ಕುಕನೂರಿನ ಕಮಲ ಮಹಲ್, ಇವೆಲ್ಲ ಇಂದು ಅಲ್ಲಿ ಒಂದೇ ಊರಿನವರಂತೆ ನಿಂತಿವೆ. ನಾನು ಒಂದು ಅಡಕತ್ತರಿಯನ್ನು ಮನೆಯೊಳಗೆ ತರುವಷ್ಟರಲ್ಲಿ ಎಷ್ಟು ಪ್ರಶ್ನೆಗಳಿಗೆ ಉತ್ತರ ಹೇಳಬೇಕಾಗುತ್ತದೆಯೆಂಬುದನ್ನು ನೆನೆದಾಗ, ಮನೆಗಳನ್ನೇ ಮನೆಗೆ ತಂದ ಆ ಮಹಾನುಭಾವರ ಬಗೆಗೆ ನನ್ನ ಗೌರವ ಇಮ್ಮಡಿಯಾಗುತ್ತದೆ. ಶೆಣೈಯವರು 2017ರಲ್ಲಿ ತೀರಿಕೊಂಡರು. ಅವರು ಉಳಿಸಿದ ಮನೆಗಳು ನಿಂತಿವೆ.

ಆದರೆ ಒಂದು ಪ್ರಶ್ನೆ ನನ್ನನ್ನು ಆಗಾಗ ಕಾಡುವುದುಂಟು. ವಸ್ತುವನ್ನು ಅದರ ಮನೆಯಿಂದ ಎತ್ತಿ ತರುವುದು ಉಪಕಾರವೋ ಅಪಹಾರವೋ? ಉರುಳುತ್ತಿರುವ ಮನೆಯಿಂದ ತಂದರೆ ಉಪಕಾರ. ಬಾಳುತ್ತಿರುವ ಮನೆಯಿಂದ, ಬಡತನದ ಲಾಭ ಪಡೆದು ತಂದರೆ ಅದು ಸಂಗ್ರಹವಲ್ಲ, ಸುಲಿಗೆ. ಪ್ಲಾಸ್ಟಿಕ್ಕಿನ ಬಾಲ್ದಿಯೊಂದನ್ನು ಕೊಟ್ಟು, ಕಂಚಿನ ತೂಗುದೀಪವನ್ನು ಕೊಂಡೊಯ್ಯುವ ವ್ಯಾಪಾರಿಗಳನ್ನು ನಾನು ಕಂಡಿದ್ದೇನೆ. ದೇವಸ್ಥಾನದ, ದೈವಸ್ಥಾನದ ವಸ್ತುಗಳನ್ನಂತೂ ಯಾರೂ ಆಶಿಸಬಾರದು. ನೂರು ವರ್ಷಗಳಿಗೆ ಮೇಲ್ಪಟ್ಟ ಪ್ರಾಚೀನ ವಸ್ತುಗಳನ್ನು ದೇಶದಿಂದ ಹೊರಗೆ ಸಾಗಿಸದಂತೆ 1972ರ ಕಾಯಿದೆ ತಡೆಯುತ್ತದೆ. ಕಾಯಿದೆ ಇಲ್ಲದಿದ್ದರೂ ಮನಸ್ಸಾಕ್ಷಿಯೆಂಬುದೊಂದು ಇದೆಯಲ್ಲವೆ? ಕೊಟ್ಟವರ ಕಣ್ಣನ್ನು ಮರುದಿನವೂ ನೇರವಾಗಿ ನೋಡಬಲ್ಲೆನಾದರೆ ಮಾತ್ರ ಆ ವಸ್ತು ನನ್ನದು.

ಇನ್ನೂ ಕೆಲವು ವಸ್ತುಗಳನ್ನು ಎಷ್ಟು ಪ್ರಯತ್ನಪಟ್ಟರೂ ಕೂಡಿಡಲಾಗದು. ಇದನ್ನು ನನಗೆ ತಿಳಿಸಿಕೊಟ್ಟವರು ನಮ್ಮ ಕೇರಿಯಲ್ಲಿದ್ದ ಒಬ್ಬ ಅಜ್ಜ. ಹಿಂದೆ ದೋಣಿಗಳ ರಿಪೇರಿ ಮಾಡುತ್ತಿದ್ದ ಅವರು ದೀಪಾವಳಿಗೆ ಕಟ್ಟುತ್ತಿದ್ದ ಗೂಡುದೀಪದ ಅಂದವನ್ನು ದಾರಿಹೋಕರೂ ನಿಂತು ನೋಡುತ್ತಿದ್ದರು. ಪೇಟೆಯಿಂದ ಬಂದ ಪ್ಲಾಸ್ಟಿಕ್ಕಿನ ಗೂಡುದೀಪಗಳು ಎಲ್ಲ ಮನೆಗಳ ಮುಂದೆಯೂ ತೂಗತೊಡಗಿದ ಮೇಲೆಯೂ ಅವರು ಬಿದಿರನ್ನು ಬಿಡಲಿಲ್ಲ. ನಾನು ಒಮ್ಮೆ ಅವರಲ್ಲಿಗೆ ಹೋಗಿ, ‘ಅಜ್ಜಾ, ನಿಮ್ಮ ಹಳೆಯ ಗೂಡುದೀಪ ಒಂದಿದ್ದರೆ ಕೊಡಿ, ಜೋಪಾನವಾಗಿ ಇಟ್ಟುಕೊಳ್ಳುತ್ತೇನೆ’ ಎಂದು ಕೇಳಿದೆ. ಅವರು ಬೊಚ್ಚುಬಾಯಿ ತುಂಬ ನಕ್ಕು, ‘ಹೋದ ವರ್ಷದ ಗೂಡುದೀಪವನ್ನು ಯಾರಾದರೂ ಇಡುತ್ತಾರೆಯೇ ಮಾಸ್ಟ್ರೇ? ಅದು ಗಾಳಿಗೆ ಹರಿಯಿತು, ಬಿಸಾಡಿ ಆಯಿತು. ಬೇಕಾದರೆ ಈ ವರ್ಷದ್ದನ್ನು ಕಟ್ಟುವುದು ಹೇಗೆಂದು ನೋಡಿ’ ಎಂದರು.

ಮೂರು ಸಂಜೆ ನಾನು ಅವರ ಪಕ್ಕದಲ್ಲಿ ಕುಳಿತೆ. ಬಲಿತ ಬಿದಿರನ್ನು ಆರಿಸುವುದು, ಅದನ್ನು ಒಂದೇ ದಪ್ಪಕ್ಕೆ ಸೀಳುವುದು, ಬೆರಳಿಗೆ ಚುಚ್ಚದಂತೆ ಅಂಚನ್ನು ಹೆರೆಯುವುದು, ಚೌಕಟ್ಟುಗಳನ್ನು ಒಂದಕ್ಕೊಂದು ಓರೆಯಾಗಿ ಕೂಡಿಸಿ ನೂಲಿನಿಂದ ಬಿಗಿಯುವುದು, ಮೈದಾಹಿಟ್ಟಿನ ಅಂಟನ್ನು ತೆಳ್ಳಗೆ ಸವರಿ ಬಣ್ಣದ ಕಾಗದವನ್ನು ಸುಕ್ಕಿಲ್ಲದಂತೆ ಹಚ್ಚುವುದು, ಕೆಳಗೆ ಗಾಳಿಗೆ ಆಡುವ ಬಾಲಂಗೋಚಿಗಳನ್ನು ಕತ್ತರಿಸುವುದು, ಒಂದೊಂದನ್ನೂ ತೋರಿಸಿದರು. ಅವರ ಕೈಗಳು ನಡುಗುತ್ತಿದ್ದುವು. ಆದರೆ ಬಿದಿರಿಗೆ ಕತ್ತಿ ತಾಗಿದೊಡನೆ ನಡುಕ ನಿಲ್ಲುತ್ತಿತ್ತು. ಅಳತೆಪಟ್ಟಿಯನ್ನು ಅವರು ಮುಟ್ಟಲಿಲ್ಲ. ಅವರ ಗೇಣೇ ಅಳತೆ. ನಾನು ಮಾತ್ರ ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡೆ, ಚಿತ್ರ ಬಿಡಿಸಿಕೊಂಡೆ.

ಮುಂದಿನ ಮಳೆಗಾಲದಲ್ಲಿ ಅಜ್ಜ ತೀರಿಕೊಂಡರು. ಆ ವರ್ಷ ದೀಪಾವಳಿ ಹತ್ತಿರ ಬಂದಾಗ ಕೇರಿಯಲ್ಲಿ ಬಿದಿರಿನ ಗೂಡುದೀಪ ಇಲ್ಲವೇ ಇಲ್ಲವೆಂಬುದು ಮಕ್ಕಳಿಗೇ ಮೊದಲು ತೋಚಿತು. ಚೆನ್ನೆಮಣೆಯ ಸುತ್ತ ಕುಳಿತುಕೊಳ್ಳುತ್ತಿದ್ದ ಆರೇಳು ಮಂದಿ ನಮ್ಮ ಜಗಲಿಗೆ ಬಂದರು. ಅವರಲ್ಲಿ ಅಜ್ಜನ ಮೊಮ್ಮಗಳೂ ಇದ್ದಳು. ನಾನು ಪುಸ್ತಕವನ್ನು ತೆರೆದೆ. ಅದನ್ನು ನೋಡಿ ಓದುತ್ತ ಹೋದಂತೆ ಮಕ್ಕಳು ಬಿದಿರು ಸೀಳಿದರು. ‘ಎರಡು ಗೇಣು’ ಎಂದು ಬರೆದಿದ್ದಲ್ಲಿ ಯಾರ ಗೇಣೆಂದು ಚರ್ಚೆಯಾಯಿತು. ‘ಅಜ್ಜನದು ಎರಡೆಂದರೆ ನನ್ನದು ಮೂರು’ ಎಂದು ಹೇಳಿ ಆ ಹುಡುಗಿ ತನ್ನ ಬೆರಳುಗಳನ್ನು ಬಿದಿರಿನ ಮೇಲೆ ಚಾಚಿದಳು. ಅವಳು ಎಷ್ಟ ೋ ಸಲ ಅಜ್ಜನ ಅಂಗೈಯ ಮೇಲೆ ತನ್ನ ಅಂಗೈಯನ್ನಿಟ್ಟು ಅಳೆದು ನೋಡಿದ್ದಿರಬೇಕು. ನನ್ನ ಪುಸ್ತಕದಲ್ಲಿ ಇಲ್ಲದ ಲೆಕ್ಕ ಅವಳಲ್ಲಿತ್ತು. ಅಮಾವಾಸ್ಯೆಯ ಸಂಜೆ ಗೂಡುದೀಪ ಮೇಲೇರಿತು. ಕಡಲಗಾಳಿಗೆ ಅದರ ಬಾಲಂಗೋಚಿಗಳು ಸರಸರ ಎಂದುವು.

ವಿದ್ಯಾರ್ಥಿಗಳೇ, ಹಳೆಯ ವಸ್ತುಗಳನ್ನು ಸಂಗ್ರಹಿಸುವುದಕ್ಕೆ ಹಣ ಬೇಕೆಂದು ತಿಳಿಯಬೇಡಿ. ಬೇಕಾದುದು ಕುತೂಹಲ, ತಾಳ್ಮೆ, ಒಂದು ನೋಟ್ ಪುಸ್ತಕ. ನಿಮ್ಮ ಮನೆಯ ಅಟ್ಟದಲ್ಲಿ, ಅಡುಗೆಮನೆಯ ಮೂಲೆಯಲ್ಲಿ, ಹಟ್ಟಿಯ ಗೋಡೆಯಲ್ಲಿ ಹೆಸರು ತಿಳಿಯದ ಯಾವುದೋ ಒಂದು ವಸ್ತು ಇದ್ದೇ ಇರುತ್ತದೆ. ಮೊದಲು ಅದರ ಹೆಸರನ್ನು ಮನೆಯ ಹಿರಿಯರಲ್ಲಿ ಕೇಳಿರಿ. ಯಾರು ಬಳಸುತ್ತಿದ್ದರು, ಏತಕ್ಕೆ ಬಳಸುತ್ತಿದ್ದರು, ಯಾವ ತಿಂಗಳಿನಲ್ಲಿ ಹೊರತೆಗೆಯುತ್ತಿದ್ದರು, ಯಾವುದರಿಂದ ಮಾಡುತ್ತಿದ್ದರು ಎಂಬುದನ್ನು ಬರೆದಿಡಿರಿ. ಕಬ್ಬಿಣವಾದರೆ ಕಡಲಿನ ಉಪ್ಪುಗಾಳಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿರಿ. ಕಾಗದವಾದರೆ ಮಳೆಗಾಲದ ತೇವ ತಾಗದಂತೆ ಮುಚ್ಚಿಡಿರಿ. ಆಡಬಹುದಾದುದನ್ನು ಆಡಿರಿ, ಹೊತ್ತಿಸಬಹುದಾದುದನ್ನು ಹೊತ್ತಿಸಿರಿ. ಉಳಿಯಲಾರದ ವಸ್ತುವಾದರೆ ಅದನ್ನು ಮಾಡುವ ಬಗೆಯನ್ನು ಕೈಗೆ ಕಲಿಸಿರಿ.

ವಸ್ತು ಹೋದರೆ ಮತ್ತೊಂದನ್ನು ಮಾಡಬಹುದು. ಮಾಡಬಲ್ಲವರು ಹೋದರೆ ಹೆಸರು ಮಾತ್ರ ಉಳಿಯುತ್ತದೆ. ಹೆಸರನ್ನು ಬಲ್ಲವರೂ ಹೋದರೆ ಅಂಥದೊಂದು ಇತ್ತೆಂಬುದೇ ಯಾರಿಗೂ ತಿಳಿಯದು. ನಿಮ್ಮ ಮನೆಯ ಅಜ್ಜಿ ಇಂದು ಜಗಲಿಯಲ್ಲಿ ಬಿಡುವಾಗಿ ಕುಳಿತಿದ್ದರೆ, ಪಾಠ ಮುಗಿದ ಮೇಲೆ ಹೋಗಿ ಅವರ ಬಳಿ ಕುಳಿತುಕೊಳ್ಳಿರಿ.